ಬೈಗುಳದ ಸಾಕ್ಷಿ

“ಅರಮನೆಯ ಬೆಕ್ಕೇ ಬಂದರೂ ಪೂರ್ವಾಪರ ವಿಚಾರಿಸದೆ ನನ್ನ ತೊಟ್ಟಿಮನೆಗೆ ಬಿಡೋನಲ್ಲ ನಾನು!” ಎಂದು ಸೀಗೆಕೋಟೆಯ ಗುರುಬಸಯ್ಯ ಸಂತೆಯಲ್ಲಿ ನಿಂತು ಕೊಚ್ಚಿಕೊಳ್ಳುತ್ತಿದ್ದ.

ಖಾಲಿಯಿದ್ದ ಆ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಮೂವರು ಗೆಳೆಯರು ಹೋಗಿದ್ದರು. ಕಲ್ಲುಕುಟಿಗ ಬೊಮ್ಮಯ್ಯ, ಚಿತ್ರಗಾರ ವೀರೇಶ, ಮದ್ದಳೆಯ ಕಾಳಿಂಗ. ರಾಜ ಮಲ್ಲರಸ ಕಟ್ಟಿಸುತ್ತಿದ್ದ ಹೊಸ ಮಂಟಪದ ಕೆಲಸಕ್ಕೂ ಅಲ್ಲಿನ ವಾದ್ಯಸೇವೆಗೂ ಬಂದ ಪರವೂರಿನವರು. ಒಬ್ಬ ಅಜ್ಜಿಯ ಒಂದೇ ಕೋಣೆಯಲ್ಲಿ, ಮದ್ದಳೆಯನ್ನೂ ನಡುವೆ ಮಲಗಿಸಿಕೊಂಡು, ವರ್ಷ ಕಳೆದಿದ್ದರು.

“ನಿಮ್ಮ ಪರವಾಗಿ ಒಬ್ಬರು ಬಂದು ಹೇಳಲಿ. ನೆಂಟರು ಬೇಡ, ಗೆಳೆಯರು ಬೇಡ, ಸುಳ್ಳೇ ಹೊಗಳ್ತಾರೆ. ಅಪರಿಚಿತರೂ ಬೇಡ, ಅವರಿಗೇನು ಗೊತ್ತು?” ಎಂದ ಗುರುಬಸಯ್ಯ.

ಮೂವರೂ ಪೆಚ್ಚಾದರು. “ಆ ಒಂದು ಕೋಣೆ ಇನ್ನು ಸಾಲದು, ಬೇರೆ ಬೇರೆ ಇರೋಕೂ ನಮ್ಮಿಂದಾಗಲ್ಲ. ಊರಿಗೇ ಹೋಗಿಬಿಡೋಣ” ಎಂದು ಗಂಟುಮೂಟೆ ಕಟ್ಟಿದರು. ಮಂಟಪ ಅರ್ಧಕ್ಕೇ ನಿಲ್ಲುವ ಸುದ್ದಿ ರಾಜನ ಕಿವಿಗೂ ಬಿತ್ತು.

“ಮನೆ ಗುರುಬಸಯ್ಯನದು, ಗದರಿಸಿ ಕೊಡಿಸೋದು ನ್ಯಾಯವಲ್ಲ. ಏನು ಮಾಡೋಣ ಸೋವಣ್ಣ?” ಎಂದು ರಾಜ ತನ್ನ ಮಂತ್ರಾಲೋಚನೆಯ ಗೆಳೆಯನನ್ನು ಕೇಳಿದ.

“ನಾಳೆ ಗುರುಬಸಯ್ಯನನ್ನೂ ಆ ಮೂವರನ್ನೂ ಕರೆಸಿ ಪ್ರಭು. ಅವನು ಕೇಳಿದಂಥ ಸಾಕ್ಷಿಯನ್ನೇ ತರ್ತೀನಿ.”

ಮರುದಿನ ಸೋವಣ್ಣ ಹೊನ್ನಾಜಮ್ಮನನ್ನು ಆಸ್ಥಾನಕ್ಕೆ ಕರೆತಂದ. ಆ ಒಂದೇ ಕೋಣೆಯ ಒಡತಿ. ಗೆಳೆಯರನ್ನು ಕಂಡದ್ದೇ ತಡ, ಅಜ್ಜಿ ಸೆರಗು ಸಿಕ್ಕಿಸಿದಳು.

“ಬುದ್ಧಿ, ಇವರು ನನ್ನ ಹಾಳು ಮಾಡಿಬಿಟ್ರು!”

ಗುರುಬಸಯ್ಯ ಕುಣಿಯುವುದೊಂದು ಬಾಕಿ. “ಕೇಳಿಸಿಕೊಂಡಿರಾ ಪ್ರಭು? ನಾನು ಹೇಳಲಿಲ್ಲವೇ?”

“ಏನು ಮಾಡಿದರು, ಬಿಡಿಸಿ ಹೇಳಜ್ಜಿ” ಎಂದ ಸೋವಣ್ಣ.

“ಏನು ಮಾಡಲಿಲ್ಲ ಕೇಳಿ! ಈ ಬೊಮ್ಮ ಸೋರೋ ಗೋಡೆಗೆ ಗಾರೆ ಮೆತ್ತಿದ. ಈ ವೀರೇಶ ದಿನಾ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ತುಂಬಿಸಿ ತುಂಬಿಸಿ, ನನಗೀಗ ಹಗ್ಗ ಹಿಡಿಯೋದೇ ಮರೆತುಹೋಗಿದೆ. ಆ ಕಾಳಿಂಗ, ಮದ್ದಳೆ ಬಾರಿಸೋಕೆ ಊರಾಚೆ ತೋಪಿಗೆ ಹೋಗ್ತಾನೆ, ನನಗೆ ನಿದ್ದೆ ಕೆಡಬಾರದಂತೆ. ಜ್ವರ ಬಂದಾಗ ಗಂಜಿ ಕುಡಿಸಿದ್ದು ಇವರೇ. ಇಷ್ಟೆಲ್ಲ ಅಭ್ಯಾಸ ಮಾಡಿಸಿ, ಈಗ ದೊಡ್ಡ ಮನೆ ಬೇಕಂತೆ! ನನ್ನ ಕೈಬಿಟ್ಟು ಹೋಗ್ತಾರಂತೆ! ಕಟುಕರು!”

ಕಾಳಿಂಗ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ.

ಗುರುಬಸಯ್ಯನ ಮೀಸೆ ಇಳಿಯಿತು. ಆದರೂ ಸುಮ್ಮನಾಗಲಿಲ್ಲ. “ಹಾಗಾದರೆ ಅಜ್ಜಿ, ಇವರಿಗೆ ನೀನು ಹೊಣೆ ನಿಲ್ತೀಯಾ?”

“ನಾನ್ಯಾಕೆ ನಿಲ್ಲಲಿ? ದಮ್ಮಯ್ಯ, ಇವರಿಗೆ ಮನೆ ಕೊಡಬೇಡಪ್ಪ! ನೀನು ಇಲ್ಲ ಅಂದರೆ ಇವರ ಗಂಟು ಬಿಚ್ಚಿಸಿ ನನ್ನ ಹತ್ತಿರವೇ ಉಳಿಸ್ಕೊಳ್ತೀನಿ!”

“ಇಲ್ಲ, ಇಲ್ಲ! ಇಂಥವರನ್ನ ನಾನು ಬಿಡ್ತೀನಾ? ಕೊಟ್ಟೆ!” ಗುರುಬಸಯ್ಯ ಅವಸರವಸರವಾಗಿ ಸೊಂಟದ ಬೀಗದಕೈ ಬಿಚ್ಚಿ ಬೊಮ್ಮಯ್ಯನ ಅಂಗೈಗೆ ಒತ್ತಿದ. ಬೊಮ್ಮಯ್ಯ ಅಜ್ಜಿಯ ಕಡೆ ತಿರುಗಿ, “ತೊಟ್ಟಿಮನೇಲಿ ನಾಲ್ಕು ಕೋಣೆ ಅಜ್ಜಿ. ನಾವು ಮೂವರೇ. ನಿನ್ನ ಗಂಟು ನಾನೇ ಹೊತ್ತು ತರ್ತೀನಿ” ಎಂದ. ಅಜ್ಜಿ ಅವನ ಬೆನ್ನಿಗೊಂದು ಗುದ್ದಿದಳು. “ಇದನ್ನ ಮೊದಲೇ ಹೇಳೋಕೇನಾಗಿತ್ತೋ, ಮುಠ್ಠಾಳ!”

ರಾಜ ನಗು ತಡೆದು ಕೇಳಿದ: “ಅಲ್ಲ ಸೋವಣ್ಣ, ಹೊಗಳೋ ಸಾಕ್ಷಿ ಬಿಟ್ಟು ಬೈಯೋ ಸಾಕ್ಷಿ ಯಾಕೆ ತಂದೆ?”

“ಹೊಗಳೋದನ್ನ ಯಾರಿಗಾದರೂ ಹೇಳಿಕೊಡಬಹುದು ಪ್ರಭು, ಈ ಆಸ್ಥಾನದಲ್ಲೇ ದಿನಾ ಕೇಳ್ತೀರಲ್ಲ. ಹೀಗೆ ಬೈಯೋಕೆ ಮಾತ್ರ ನಿಜವಾಗಿ ಪ್ರೀತಿ ಇರಬೇಕು.”

ಹೊಗಳುಭಟ್ಟರೆಲ್ಲ ನೆಲ ನೋಡಿದರು. ಮಲ್ಲರಸ ಹೊಟ್ಟೆ ಹಿಡಿದು ನಕ್ಕು, ಕೊರಳ ಹಾರ ತೆಗೆದು ಸೋವಣ್ಣನಿಗೆ ಹಾಕಿದ.