ಜಾಗ ಬದಲಿಸುವ ಬಟನ್ನುಗಳು

ಕೂತ್ಕೊಳ್ರೋ, ಗಲಾಟೆ ಸಾಕು. ನನಗೆ ಮೊದಲೇ ತಲೆ ಕೆಟ್ಟಿದೆ. ಕತೆ ಹೇಳ್ತೀನಿ, ನಡುವೆ ಯಾರೂ ಎದ್ದು ಹೋಗಂಗಿಲ್ಲ.

ಒಂದು ರಾಜ್ಯ ಇತ್ತು ಅಂತ ಇಟ್ಕೊಳ್ಳಿ. ಅಲ್ಲಿ ಆನೆಯೂ ಇತ್ತು, ಕಂಪ್ಯೂಟರೂ ಇತ್ತು. ಹೇಗೆ ಅಂತ ಕೇಳಬೇಡಿ, ಇತ್ತು ಅಷ್ಟೆ. ರಾಜನ ಹೆಸರು ಚೆಲುವರಾಯ. ಮನುಷ್ಯ ಒಳ್ಳೆಯವನೇ, ಆದರೆ ಹೊಸದು ಅಂದ್ರೆ ಬಾಯಿ ಬಿಡೋನು. ಒಂದು ದಿನ ಸುತ್ತಿದ ರುಮಾಲನ್ನ ಮಾರನೇ ದಿನ ಸುತ್ತಿದವನಲ್ಲ.

ಆ ರಾಜ್ಯಕ್ಕೆ ಒಂದು ದೊಡ್ಡ ಕೆರೆ. ಕೆರೆಗೊಂದು ತೂಬು, ಅಂದ್ರೆ ನೀರು ಹೊರಗೆ ಬಿಡೋ ಬಾಗಿಲು. ತೂಬು ಕಾಯೋಳು ನೀರುಗಂಟಿ ಸಣ್ಣೀರಮ್ಮ. ಕೆರೆ ಏರಿ ಮೇಲೆ ಅವಳದೊಂದು ಕೋಣೆ, ಕೋಣೆಯಲ್ಲಿ ಕಂಪ್ಯೂಟರು. ಸ್ಕ್ರೀನ್ ಮೇಲೆ ಮೂರು ಬಟನ್ನು. ಎಡಕ್ಕೆ "ಡಂಗುರ", ನಡುವೆ "ತೆರೆ", ಬಲಕ್ಕೆ "ಮುಚ್ಚು". ಬೆರಳಲ್ಲಿ ಒತ್ತಿದ್ರೆ ಕೆಲಸ ಆಯ್ತು.

ಮೊದಲು ಡಂಗುರ, ಆಮೇಲೆ ತೂಬು. ಇದು ಆ ಊರಿನ ಕಟ್ಟುಪಾಡು. ಕೆಳಗೆ ಕಾಲುವೆಯಲ್ಲಿ ಹೆಂಗಸರು ಬಟ್ಟೆ ಒಗೀತಿರ್ತಾರೆ, ಎಮ್ಮೆ ಮೈ ತೊಳೀತಿರ್ತಾರೆ. ಡಂಗುರ ಒತ್ತಿದ್ರೆ ಕಾಲುವೆ ಉದ್ದಕ್ಕೂ ಕಂಬದ ಮೇಲಿನ ಮೈಕುಗಳು ಕೂಗೋವು, ಎಲ್ಲರೂ ದಡ ಹತ್ತೋರು. ಸಣ್ಣೀರಮ್ಮ ಸ್ಕ್ರೀನ್ ಕಡೆ ನೋಡ್ತಾನೇ ಇರಲಿಲ್ಲ. ಬೆರಳು ಗಾಜಿನ ಮೇಲೆ, ಕಣ್ಣು ಕಿಟಕಿಯಾಚೆ ಕಾಲುವೆ ಮೇಲೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕೋಳಿಮರಿ ಕೂಡ ಕೊಚ್ಚಿಹೋಗಿರಲಿಲ್ಲ.

ಹೀಗಿರೋವಾಗ ಎಲ್ಲಿಂದಲೋ ಬಂದ ಚಿತ್ರಣ್ಣ. ಸ್ಕ್ರೀನಿಗೆ ಅಲಂಕಾರ ಮಾಡೋದು ಅವನ ಕಸುಬು.

"ಮಹಾಸ್ವಾಮಿ, ನಿಮ್ಮಂಥ ರಾಜರ ತೂಬಿಗೆ ಇಂಥ ಹಳೇ ಸ್ಕ್ರೀನಾ?" ಅಂದ. ಅಷ್ಟು ಸಾಕಾಯ್ತು ರಾಜನಿಗೆ.

ಮೊದಲನೇ ವಾರ ಚಿತ್ರಣ್ಣ ಬಣ್ಣ ಬದಲಿಸಿದ. ಬಿಳೀ ಮೇಲೆ ಬೂದಿ ಬಣ್ಣದ ಅಕ್ಷರ. "ಏನೂ ಕಾಣಲ್ಲವಲ್ಲೋ ತಮ್ಮಾ!" ಅಂದಳು ಸಣ್ಣೀರಮ್ಮ. "ರೂಢಿಯಾಗುತ್ತೆ ಬಿಡಿ ಅಕ್ಕ," ಅಂದ ಅವನು.

ಎರಡನೇ ವಾರ ಅಕ್ಷರಾನೇ ತೆಗೆದ. ಚಿತ್ರ ಹಾಕಿದ. ಡಂಗುರಕ್ಕೂ ಒಂದು ದುಂಡು, ತೆರೆಯೋಕೂ ಒಂದು ದುಂಡು, ಮುಚ್ಚೋಕೂ ಒಂದು ದುಂಡು. "ಇದೇನು ತೂಬೋ, ಕೋಡುಬಳೆ ಅಂಗಡಿಯೋ?" ಅಂತ ಸಣ್ಣೀರಮ್ಮ ಮೈ ಪರಚಿಕೊಂಡಳು. "ರೂಢಿಯಾಗುತ್ತೆ ಬಿಡಿ ಅಕ್ಕ," ಅಂದ. ಪುಣ್ಯಕ್ಕೆ ಜಾಗ ಅದೇ ಇತ್ತು. ಬೆರಳಿಗೆ ದಾರಿ ಗೊತ್ತಿತ್ತು.

ಮೂರನೇ ವಾರ ಅವಳು ಊಟಕ್ಕೆ ಹೋದಾಗ ಬಂದು, ಬಟನ್ನುಗಳಿಗೆ ಓಡಾಡೋದು ಕಲಿಸಿ ಹೋದ. "ಯಾವುದನ್ನ ಜಾಸ್ತಿ ಒತ್ತುತ್ತೀರೋ ಅದು ತಾನಾಗೇ ಮೊದಲಿಗೆ ಬರುತ್ತೆ" ಅಂತ ಆಸ್ಥಾನದಲ್ಲಿ ಹೇಳ್ಕೊಂಡ. ರಾಜ ಚಪ್ಪಾಳೆ ತಟ್ಟಿದ. ಸಣ್ಣೀರಮ್ಮನಿಗೆ ಒಂದು ಮಾತು ಹೇಳಿದೋರಿಲ್ಲ.

ಈಗ ಕೇಳಿ. ಡಂಗುರ ಒಂದು ಸಲ ಒತ್ತಿದ್ರೆ ಸಾಕು. ತೂಬಿನ ಬಾಗಿಲು ಹಂತಹಂತವಾಗಿ ಏಳೋದು, ಅದನ್ನ ಮೂರು ಸಲ ಒತ್ತಬೇಕು. ಹಾಗಾಗಿ ಎರಡೇ ದಿನದಲ್ಲಿ "ತೆರೆ" ಮುಂದೆ ಬಂತು, "ಡಂಗುರ" ಹಿಂದೆ ಹೋಯ್ತು. ಮೂರನೇ ದಿನ ಸಣ್ಣೀರಮ್ಮ ಎಂದಿನಂತೆ ಕಾಲುವೆ ನೋಡ್ತಾ ಎಡಕ್ಕೆ ಒತ್ತಿದಳು. ಮೈಕು ಕೂಗಲಿಲ್ಲ. ನೀರು ನುಗ್ಗಿತು!

ಕಾಲುವೆಯಲ್ಲಿ ಬಟ್ಟೆ ಒಗೀತಿದ್ದ ಕೆಂಚವ್ವ ಎಮ್ಮೆ ಬಾಲ ಹಿಡ್ಕೊಂಡು ಬದುಕಿದಳು. ಬಟ್ಟೆ ಗಂಟೆಲ್ಲ ಹೋಯ್ತು. ರಾಜ ಸಣ್ಣೀರಮ್ಮನನ್ನ ಆಸ್ಥಾನಕ್ಕೆ ಕರೆಸಿದ.

"ಸ್ಕ್ರೀನ್ ತಪ್ಪು ಮಾಡಲ್ಲ ಸ್ವಾಮಿ. ಆಯಮ್ಮನಿಗೆ ವಯಸ್ಸಾಯ್ತು," ಅಂದ ಚಿತ್ರಣ್ಣ.

"ಹಳೇದನ್ನೇ ಕೊಡಿ ಸ್ವಾಮಿ," ಅಂದಳು ಸಣ್ಣೀರಮ್ಮ.

"ಹಳೇದಾ? ಛೀ! ಇನ್ನೊಂದು ತಪ್ಪಾದ್ರೆ ನೀನು ಊರು ಬಿಡಬೇಕು," ಅಂದ ರಾಜ.

ಆವತ್ತಿಂದ ಮಳೆ ಹಿಡೀತು. ಕೆರೆ ಏರುತ್ತಾ ಬಂತು. ನಾಳೆ ಮಧ್ಯಾಹ್ನದೊಳಗೆ ತೂಬು ಎತ್ತದಿದ್ರೆ ಏರಿ ಒಡೆಯುತ್ತೆ, ಎತ್ತೋವಾಗ ತಪ್ಪಾದ್ರೆ ಜನ ಸಾಯ್ತಾರೆ. ಸಣ್ಣೀರಮ್ಮನಿಗೆ ಕೂತಲ್ಲಿ ಕೂರೋಕಾಗಲ್ಲ, ನಿಂತಲ್ಲಿ ನಿಲ್ಲೋಕಾಗಲ್ಲ. ಏರಿ ಮೇಲೆ ಆ ತುದಿಯಿಂದ ಈ ತುದಿಗೆ ನಡೆದಳು. ಹೆದರಿಕೆ ಆಯ್ತು, ಅಳು ಬಂತು, ಕೊನೆಗೆ ಸಿಟ್ಟು ಬಂತು. ಸೀದಾ ಆಸ್ಥಾನಕ್ಕೆ ಹೋದಳು.

"ಸ್ವಾಮಿ, ತಪ್ಪು ನಂದೇ. ಆದರೆ ಜನ ಹೆದರಿದ್ದಾರೆ. ನಾಳೆ ನಮ್ಮ ಚಿತ್ರಣ್ಣ ಹಾರ ಹಾಕ್ಕೊಂಡು ಕಾಲುವೆ ನಡುವೆ ನಿಂತ್ಕೊಳ್ಳಲಿ. ಮೊದಲು ಡಂಗುರ ಒತ್ತುತ್ತೀನಿ, ಅವರು ದಡ ಹತ್ತಲಿ, ಆಮೇಲೆ ತೂಬು. ಅವರ ಸ್ಕ್ರೀನ್ ಎಂಥದ್ದು ಅಂತ ಊರೆಲ್ಲ ನೋಡಲಿ."

ಹಾರ ಅಂದ ಕೂಡಲೇ ಚಿತ್ರಣ್ಣ ಉಬ್ಬಿಹೋದ. "ಓಹೋ, ಧಾರಾಳವಾಗಿ!" ಅಂದ.

ಮಾರನೇ ದಿನ ಮಧ್ಯಾಹ್ನ. ಊರವರೆಲ್ಲ ದಡದ ಮೇಲೆ, ರಾಜನೂ ಅಲ್ಲೇ. ಕಾಲುವೆಯೊಳಗೆ ಚಿತ್ರಣ್ಣ ಒಬ್ಬನೇ, ಸೊಂಟದ ಮಟ್ಟ ನೀರು, ಕೊರಳಲ್ಲಿ ಸೇವಂತಿಗೆ ಹಾರ. ಸಣ್ಣೀರಮ್ಮ ಕಿಟಕಿಯಿಂದ ತಲೆ ಹಾಕಿ ಕೂಗಿದಳು.

"ಚಿತ್ರಣ್ಣಾ, ಡಂಗುರ ಇವತ್ತು ಎಲ್ಲಿದೆ?"

"ಎಡಕ್ಕೆ... ಅಲ್ಲ ಅಲ್ಲ, ನಡುವೆ ಇರಬೇಕು ನೋಡಿ ಅಕ್ಕ!"

"ಎಲ್ಲಾ ದುಂಡಗಿದೆ ಕಣಪ್ಪಾ. ಡಂಗುರದ ದುಂಡು ಯಾವುದು?"

"ಅದು ನಿನ್ನೆ ಎಷ್ಟು ಸಲ ಒತ್ತಿದ್ದೀರಿ ಅನ್ನೋದರ ಮೇಲೆ..."

"ನನಗೆ ಲೆಕ್ಕ ಬರಲ್ಲ. ಯಾವುದೋ ಒಂದು ಒತ್ತಿಬಿಡ್ತೀನಿ!"

"ಒತ್ತಬೇಡ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಒತ್ತಬೇಡಿ!"

ಬಿದ್ದ, ಎದ್ದ, ನೀರು ಕುಡಿದ, ಹಾರ ಕಿತ್ತುಕೊಂಡು ಹೋಯ್ತು. ನಾಲ್ಕೂ ಕೈಕಾಲು ಊರಿ ದಡ ಹತ್ತಿದ. ಕೆಂಚವ್ವ ಬಿದ್ದು ಬಿದ್ದು ನಕ್ಕಳು. ರಾಜ ನಗಲಿಲ್ಲ.

"ಯಾಕಯ್ಯಾ ಓಡಿಬಂದೆ? ಸ್ಕ್ರೀನ್ ತಪ್ಪೇ ಮಾಡಲ್ಲ ಅಂದಿದ್ದೆ?"

ಚಿತ್ರಣ್ಣ ಮುಖದ ನೀರು ಒರೆಸ್ಕೊಳ್ತಾ ಹೇಳಿದ: "ಯಾವ ಬಟನ್ನು ಎಲ್ಲಿರುತ್ತೆ ಅಂತ ನನಗೂ ಗೊತ್ತಿಲ್ಲ ಸ್ವಾಮಿ."

ರಾಜನ ಮುಖ ಸಣ್ಣಗಾಯ್ತು. ಸಣ್ಣೀರಮ್ಮನ ಕಡೆ ತಿರುಗಿ "ತಪ್ಪಾಯ್ತು ತಾಯಿ" ಅಂದ. ನಿಂತ ಕಾಲಲ್ಲೇ ಹಳೇ ಸ್ಕ್ರೀನ್ ಹಾಕಿಸಿದ. ಮೈಕು ಕೂಗಿತು. ತೂಬು ಎದ್ದಿತು. ಏರಿ ಉಳೀತು.

ಆಮೇಲೆ ರಾಜ ಒಂದು ಕಾನೂನು ಮಾಡಿದ. ತೂಬಿನ ಸ್ಕ್ರೀನ್ ಯಾರು ಬದಲಿಸ್ತಾರೋ, ಮೊದಲನೇ ಸಲ ನೀರು ಬಿಡೋವಾಗ ಅವರೇ ಕಾಲುವೆಯಲ್ಲಿ ನಿಂತಿರಬೇಕು. ಅದಾದ ಮೇಲೂ ಬೇಕಾದಷ್ಟು ಜನ ಬಂದರು, ಬದಲಿಸಿಯೂ ಬದಲಿಸಿದರು. ಆದರೆ ಬಂದೋರೆಲ್ಲ ಮೊದಲು ಏರಿ ಹತ್ತಿ, ಸಣ್ಣೀರಮ್ಮನ ಪಕ್ಕ ಚಾಪೆ ಮೇಲೆ ಕೂತು, "ಅಕ್ಕಾ, ನಿಮ್ಮ ಬೆರಳು ಮೊದಲು ಎಲ್ಲಿಗೆ ಹೋಗುತ್ತೆ?" ಅಂತ ಕೇಳೋರು.

ನೀತಿ ಏನಪ್ಪಾ ಅಂದ್ರೆ, ದಿನಾ ಕೆಲಸ ಮಾಡೋ ಕೈಯನ್ನ ಒಂದು ಮಾತು ಕೇಳದೆ ಅದರ ಸಾಮಾನು ಬದಲಿಸಬಾರದು. ಬದಲಿಸಿದೋನಿಗೆ ಮೊದಲು ತನ್ನ ಮೈ ಒದ್ದೆಯಾಗೋ ಭಯ ಇರಬೇಕು.