ಹೊಸ ಕಂಪ್ಯೂಟರೂ ಶಾಲಿನ ಕವರೂ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಅಡವಯ್ಯ ಅಜ್ಜಾರು ಎಂಬ ಗುರುಗಳಿದ್ದರು. ಸಂಜೆ ಬೇವಿನ ಮರದ ಕಟ್ಟೆಯ ಮೇಲೆ ಕೂತು ಮಂದಿಗೆ ನಾಲ್ಕು ಮಾತು ಹೇಳುವರು. ಅವರ ಶಿಷ್ಯ ಫಕೀರೇಶ ಅದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದಿಡುವನು.

ಆ ವರ್ಷ ಅಜ್ಜಾರು ಹೇಳಿದರು, "ಎಳ್ಳಮಾಸಿಯಿಂದ ನಾ ಮೌನ ಹಿಡೀತೀನಿ. ಮತ್ತ ಮಾತಾಡೂದಿಲ್ಲ."

ಫಕೀರೇಶ ದಿನ ಎಣಿಸಿದ, ಎಳ್ಳಮಾವಾಸ್ಯೆಗೆ ಕೆಲವೇ ವಾರ ಉಳಿದಿದ್ದವು. ಗುರುವಿನ ಮಾತು ನಿಂತರೆ ಉಳಿಯುವುದು ತನ್ನ ವಿಡಿಯೊಗಳಷ್ಟೇ. ಅವೋ ರಾಶಿ ಬಿದ್ದಿದ್ದವು. ಆಶ್ರಮದ ಹಳೆಯ ಕಂಪ್ಯೂಟರು ಒಂದು ವಿಡಿಯೊ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದು ಇಳಿಯುತ್ತಿತ್ತು.

"ಅಜ್ಜಾರ, ಬಿಡಿಭಾಗ ತಂದು ಒಂದು ಹೊಸಾ ಕಂಪ್ಯೂಟರ್ ಜೋಡಸ್ತೀನ್ರಿ. ಎಳ್ಳಮಾಸಿ ಅನ್ನೂದರಾಗ ಎಲ್ಲಾ ಎಡಿಟ್ ಮಾಡಿ ಮಂದಿಗೆ ಮುಟ್ಟಸ್ತೀನಿ."

"ಜೋಡಸು," ಎಂದರು ಅಜ್ಜಾರು.

ಭಕ್ತರು ಹಿಂದೆ ಮುಂದೆ ನೋಡಲಿಲ್ಲ. ದಾಸೋಹಕ್ಕೆ ಒಬ್ಬರು ಅಕ್ಕಿ, ಒಬ್ಬರು ಬೆಲ್ಲ ಕೊಡುವ ಹಾಗೆ ಒಬ್ಬರು ಮದರ್‌ಬೋರ್ಡು ಕೊಡಿಸುತ್ತೇನೆಂದರು, ಇನ್ನೊಬ್ಬರು ರ‍್ಯಾಮು. ಲಾರಿ ಓಡಿಸುವ ದಾವಲಸಾಬ ಪ್ರೊಸೆಸರ್ ತನ್ನದೇ ಇರಲಿ ಎಂದ. ಅದು ಕಂಪ್ಯೂಟರಿನ ಮಿದುಳು ಎಂದು ಕೇಳಿ ಅವನಿಗೆ ಭಾಳ ಹಿಗ್ಗಾಗಿತ್ತು.

ಫಕೀರೇಶ ಅಜ್ಜಾರಿಗೆ ಮೊಬೈಲಿನಲ್ಲಿ ಬಿಡಿಭಾಗಗಳ ಫೋಟೊ ತೋರಿಸಿದ.

"ಬಣ್ಣಬಣ್ಣದ ದೀಪಾ ಐತಲ್ಲ, ಇದೇನು?"

"ಗ್ರಾಫಿಕ್ಸ್ ಕಾರ್ಡ್ ರೀ. ಎಡಿಟಿಂಗ್‌ಗೆ ಬೇಕ ಬೇಕು."

"ದೀಪಾ ಯಾಕ?"

ಫಕೀರೇಶ ತಲೆ ಕೆರೆದುಕೊಂಡ. "ಇದು ಗೇಮ್ ಆಡೋರ ಕಾರ್ಡ್ ರೀ. ನಾನೂ ಒಂದೀಟು ಆಡೂಣು ಅಂತ."

"ಆಡು. ಸುಳ್ಳು ಹೇಳಲಿಲ್ಲ, ಚಲೋ ಆತು. ಇಷ್ಟ್ ದೊಡ್ಡದಕ್ಕ ಕರೆಂಟ್ ಎಲ್ಲಿಂದ ಬರತೈತಿ?"

"ಪವರ್ ಸಪ್ಲೈ ಅಂತ ಇರತೈತ್ರಿ. ಅದು ಸಣ್ಣದು ಸಾಕು. ಒಳಗ ಇರೂದು, ಯಾರಿಗೂ ಕಾಣೂದಿಲ್ಲ."

"ನಮ್ಮ ದಾಸೋಹದ ಒಲಿನೂ ಯಾರಿಗೂ ಕಾಣೂದಿಲ್ಲ," ಎಂದು ಅಜ್ಜಾರು ಎದ್ದು ಹೋದರು.

ಫಕೀರೇಶ ಪಟ್ಟಿಯಲ್ಲಿ ಕಾರ್ಡಿನ ಬೆಲೆಯನ್ನು ಒಂದು ಮೆಟ್ಟಿಲು ಇಳಿಸಿ, ಪವರ್ ಸಪ್ಲೈಯದನ್ನು ಒಂದು ಮೆಟ್ಟಿಲು ಏರಿಸಿದ.

ಹುಬ್ಬಳ್ಳಿಯಿಂದ ಸಾಮಾನು ಬಂದವು. ಒಂದೊಂದನ್ನೂ ಕಣ್ಣಿಗೊತ್ತಿಕೊಂಡೇ ಜೋಡಿಸಿದ. ಎಲ್ಲೆಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿತ್ತೋ ಅಲ್ಲೆಲ್ಲ ಹಾಗೇ ಬಿಟ್ಟ. ನಮ್ಮ ಮಂದಿ ಹೊಸ ಸೋಫಾದ ಕವರನ್ನು ಅದು ತಾನಾಗಿ ಹರಿದು ಚಿಂದಿಯಾಗುವತನಕ ತೆಗೆಯುತ್ತಾರೆಯೇ? ಫಕೀರೇಶನೂ ನಮ್ಮವನೇ. ಭಕ್ತರು ಕೊಟ್ಟದ್ದು, ಹೊಸದಾಗೇ ಇರಲಿ ಅನ್ನುವುದು ಅವನ ಭಕ್ತಿ.

ಅಜ್ಜಾರು ಬಂದು ಕಂಪ್ಯೂಟರಿನ ಸುತ್ತ ಒಂದು ಸಲ ಕಣ್ಣಾಡಿಸಿದರು.

"ಮದಲ ನಿನ್ನ ಗೇಮ್ ಆಡು. ಮನಸು ಅತ್ತಾಗ ಎಳದ್ರ ಎಡಿಟಿಂಗ್ ಆಗೂದಿಲ್ಲ."

ಫಕೀರೇಶ ಕಾರ್ ರೇಸಿನ ಆಟ ಹಚ್ಚಿದ. ಕಾರು ಮೊದಲ ತಿರುವು ದಾಟುವುದರೊಳಗೆ ಕಂಪ್ಯೂಟರು ಬಂದಾಯಿತು. ಮತ್ತೆ ಹಚ್ಚಿದ, ಮತ್ತೆ ಬಂದ್. ವಿಡಿಯೊ ಎಡಿಟ್ ಮಾಡಲು ಕೂತರೂ ಅದೇ ಕಥೆ. ತಂತಿ ಬಿಚ್ಚಿ ನೋಡಿದ, ರ‍್ಯಾಮು ಬದಲಿಸಿ ಕೂರಿಸಿದ. ಎಳ್ಳಮಾವಾಸ್ಯೆ ಹತ್ತಿರ ಹತ್ತಿರ ಬರುತ್ತಿತ್ತು, ಒಂದೇ ಒಂದು ವಿಡಿಯೊ ಮುಗಿದಿರಲಿಲ್ಲ.

ಕಡೆಗೆ ಅಳುಮೋರೆ ಮಾಡಿಕೊಂಡು ಕಟ್ಟೆಗೆ ಬಂದ.

"ಅಜ್ಜಾರ, ಪ್ರೊಸೆಸರ್ ಕಾದು ಕೆಂಡ ಆಗಾಕತ್ತೈತಿ. ದಾವಲಸಾಬ ಕಾಕಾ ಕೊಡ್ಸಿದ್ದ ಮಾಲು ಸುಮಾರ ಐತ್ರಿ. ವಾಪಸ್ ಕಳಸ್ತೀನಿ."

"ಅವಗ ಏನ್ ಹೇಳ್ತಿ?"

ಫಕೀರೇಶ ಅದನ್ನು ಯೋಚಿಸಿರಲಿಲ್ಲ. ದಾವಲಸಾಬನ ಹಿಗ್ಗಿದ ಮುಖ ಕಣ್ಣ ಮುಂದೆ ಬಂತು.

ನದಿಯ ಕಡೆಯಿಂದ ಕುಳಿರ್ಗಾಳಿ ಬೀಸಿತು. ಅಜ್ಜಾರು ಕೈ ಉಜ್ಜಿಕೊಂಡರು. "ಥಂಡಿ ಭಾಳ ಐತಿ. ಹ್ವಾದ ವರ್ಷ ನೀ ನನಗ ಕೊಟ್ಟಿದ್ದಿಯಲ್ಲ, ಆ ಶಾಲು ತಾ."

ಆ ಶಾಲನ್ನು ಫಕೀರೇಶನೇ ಜೋಪಾನವಾಗಿ ಟ್ರಂಕಿನಲ್ಲಿಟ್ಟಿದ್ದ. ಓಡಿಹೋಗಿ ತಂದುಕೊಟ್ಟ.

ಅಜ್ಜಾರು ಅದನ್ನು ಪ್ಲಾಸ್ಟಿಕ್ ಕವರಿನ ಸಮೇತ ಹೆಗಲ ಮೇಲೆ ಇಟ್ಟುಕೊಂಡು ಕೂತರು. ಅಲ್ಲಾಡಿದಾಗೊಮ್ಮೆ ಕವರು ಪರಪರ ಎನ್ನುತ್ತಿತ್ತು.

"ಥಂಡಿ ಹೋಗವಲ್ದು. ಮಾಲು ಸುಮಾರ ಐತಿ. ವಾಪಸ್ ಕಳಸು."

"ಅಜ್ಜಾರ, ಕವರ್ ತೆಗೀರಿ."

"ನೀ ಪ್ರೀತೀಲೆ ಕೊಟ್ಟದ್ದು. ಹೊಸಾದು ಹೊಸಾದಂಗ ಇರಲಿ ಅಂತ ಬಿಟ್ಟೀನಿ."

ಫಕೀರೇಶ ಶಾಲಿನ ಕವರನ್ನೇ ನೋಡಿದ. ಆಮೇಲೆ ಒಳಗೆ ಓಡಿದ.

ಪ್ರೊಸೆಸರಿನ ನೆತ್ತಿಯ ಮೇಲೆ ಕೂತು ಅದರ ಕಾವು ಹೀರಿಕೊಳ್ಳುವ ಕೂಲರನ್ನು ಬಿಚ್ಚಿದ. ಅದರ ತಾಮ್ರದ ತಳಕ್ಕೆ ತೆಳ್ಳನೆಯ ಹಾಳೆ ಇನ್ನೂ ಅಂಟಿತ್ತು. ಕೂರಿಸುವ ಮೊದಲು ಇದನ್ನು ಕೀಳಿರಿ ಎಂದು ಅದರ ಮೇಲೆ ಬರೆದೂ ಇತ್ತು. ಅವನಿಗೆ ಓದಲು ಬರುತ್ತಿತ್ತು, ಆದರೆ ಭಕ್ತಿ ಬಿಡಬೇಕಲ್ಲ.

ಹಾಳೆ ಕಿತ್ತು, ಒರೆಸಿ, ಕಾವು ದಾಟಿಸುವ ಪೇಸ್ಟು ಹಚ್ಚಿ ಮತ್ತೆ ಕೂರಿಸಿದ. ಆಟದ ಕಾರು ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಫಕೀರೇಶ ಆಟ ಬಿಟ್ಟು ದಾವಲಸಾಬನಿಗೆ ಫೋನ್ ಹಚ್ಚಿದ.

"ಕಾಕಾ, ನೀವು ಕೊಡ್ಸಿದ್ದು ಭಾಳ ಚಲೋ ಐತಿ. ನಾನ ತಪ್ಪು ತಿಳ್ಕೊಂಡಿದ್ದೆ."

ಆ ಕಡೆ ಲಾರಿಯ ಸದ್ದು. "ಅಜ್ಜಾರ ಮಾತು ಅದರಾಗ ಓಡತಾವಂದ್ರ ನನಗ ಇನ್ನೇನ್ ಬೇಕೋ ತಮ್ಮಾ," ಎಂದ ದಾವಲಸಾಬ.

ಫಕೀರೇಶ ಅಜ್ಜಾರ ಕಾಲಿಗೆ ಬೀಳಲು ಬಂದ. ಅಜ್ಜಾರು ಶಾಲು ಹೊದ್ದು ಚಹಾ ಕುಡಿಯುತ್ತಿದ್ದರು. ಕವರು ಕಟ್ಟೆಯ ಕೆಳಗೆ ಬಿದ್ದಿತ್ತು. ಶಾಲಿನ ಅಂಚಿಗೆ ಆಗಲೇ ಚಹಾದ ಕಲೆ ಆಗಿತ್ತು. ಆ ಕಲೆ ನೋಡಿ ಅವನಿಗೆ ಶಾಲು ಕೊಟ್ಟ ದಿನಕ್ಕಿಂತ ಹೆಚ್ಚು ಸಂತೋಷವಾಯಿತು.

ಮುಂದೆ ಎಡಿಟಿಂಗ್ ಸರಸರ ಸಾಗಿತು. ಕೆಲಸದ ನಡುವೆ ಫಕೀರೇಶ ಎದ್ದೆದ್ದು ಬಂದು ಕೇಳುವನು, "ಅಜ್ಜಾರ, ಎಷ್ಟ್ ಚಲೋ ಮಾತ್ರೀ ಇದು. ಯಾವಾಗ ಹೇಳಿದ್ರಿ? ನಾ ಅಲ್ಲೇ ಇದ್ದೆ, ಕೇಳಿದ ನೆನಪ ಇಲ್ಲ."

ಅಜ್ಜಾರು ನಕ್ಕು ಅವನ ಕ್ಯಾಮೆರಾದತ್ತ ಕಣ್ಣು ಹಾಯಿಸುವರು.

ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ಬಂತು. ಕಟ್ಟೆಯ ಮುಂದೆ ಮಂದಿ ಕೂತರು. ಫಕೀರೇಶ ಎಂದಿನಂತೆ ದೂರದಲ್ಲಿ ಕ್ಯಾಮೆರಾ ನಿಲ್ಲಿಸಿ, ಅದರ ಹಿಂದೆ ಬಗ್ಗಿ ನಿಂತ.

"ಇವತ್ತು ಅದು ಬ್ಯಾಡ," ಎಂದರು ಅಜ್ಜಾರು.

"ಅಜ್ಜಾರ, ಇದು ನಿಮ್ಮ ಕಡೀ ಮಾತು. ಹಿಡಿದಿಡದಿದ್ರ ಹೋಗೇಬಿಡತೈತ್ರಿ."

ಅಜ್ಜಾರು ಸರಿದು ತಮ್ಮ ಪಕ್ಕದಲ್ಲಿ ಜಾಗ ಮಾಡಿದರು. ಶಾಲಿನ ಒಂದು ಅಂಚನ್ನು ಬಿಡಿಸಿ ಹಿಡಿದರು.

"ಅದನ್ನ ಒಳಗ ಇಟ್ಟು ಬಾ. ನೀ ಬಂದು ಕುಂತ ಮ್ಯಾಲ ಸುರು ಮಾಡೂಣು."