ಕಿರುನೆಲ್ಲಿಗೆ ಹೇಳಿದ ಹೆಸರು

ಹೊಳೆದಂಡೆಯಲ್ಲಿ ಮರುಳಜ್ಜನ ಆಶ್ರಮ. ಆಶ್ರಮ ಅಂದರೆ ಏನು ಮಹಾ! ಒಂದು ಗುಡಿಸಲು, ಒಂದು ರಾಗಿ ಹೊಲ, ಬೆಳಗಾದರೆ ಎರಡನ್ನೂ ನುಂಗಿ ಕೂರುವ ಮಂಜು.

ಕೆಂಚವ್ವ ಅಲ್ಲಿ ಅಜ್ಜನ ಹತ್ತಿರ ನಾಟಿವೈದ್ಯ ಕಲಿಯುತ್ತಿದ್ದಳು. ಮಕ್ಕಳಾಗಲಿಲ್ಲ ಎಂದು ಅತ್ತೆ ಅವಳನ್ನು ಮನೆಯಿಂದ ಹೊರಗೆ ಹಾಕಿದ್ದಳು. "ಇವಳು ನಮ್ಮ ಮನೆಯೊಳಗೆ ಹುಟ್ಟಿದ ಕಳೆ" ಎಂದು ಊರ ಮುಂದೆ ಅಂದಿದ್ದಳು. ಆ ಮಾತನ್ನು ಕೆಂಚವ್ವ ಇನ್ನೂ ಮರೆತಿರಲಿಲ್ಲ.

ಒಂದು ಮುಂಜಾನೆ ಮಂಜಿನೊಳಗಿಂದ ಎತ್ತಿನ ಗಾಡಿಯೊಂದು ತೇಲಿದಂತೆ ಬಂತು. ಒಳಗೆ ಅದೇ ಅತ್ತೆ, ತಿಪ್ಪಮ್ಮ. ಕಾಮಾಲೆ ಹತ್ತಿ ಕಣ್ಣು, ಉಗುರು ಎಲ್ಲ ಅರಿಶಿನ. ತಲೆ ಎತ್ತುವ ತ್ರಾಣವೂ ಇಲ್ಲ.

"ಕಿರುನೆಲ್ಲಿ ಕಿತ್ತು ತಾ" ಅಂದ ಅಜ್ಜ.

ರಾಗಿ ಸಾಲಿನ ನಡುವೆ ಆ ಕಳೆಗಿಡ ಬೇಕಾದಷ್ಟಿತ್ತು. ಕೆಂಚವ್ವ ಹೋದಳು, ಸರಕ್ಕನೆ ಕಿತ್ತಳು, ತಂದಳು.

"ಗಿಡಕ್ಕೆ ರೋಗಿಯ ಹೆಸರು ಹೇಳಿ ಕೇಳಿಕೊಂಡೆಯಾ?"

ಅದು ಅಜ್ಜನ ಪದ್ಧತಿ. ಹೆಸರು ಹೇಳದೆ ಕಿತ್ತರೆ ಅದು ಬರೀ ಕಳೆ, ಮದ್ದಲ್ಲ.

"ಆ ಹೆಸರು ನನ್ನ ಬಾಯಿಗೆ ಬರಲ್ಲ ಅಜ್ಜ. ನೀವೇ ಕೀಳಿ."

"ನನ್ನ ಬೆನ್ನು ಬಗ್ಗಲ್ಲ ಕಣವ್ವ."

ಸುಳ್ಳು! ನಿನ್ನೆ ತಾನೇ ಹೊಳೆಯಿಂದ ತುಂಬಿದ ಕೊಡ ಹೊತ್ತು ತಂದಿದ್ದ ಮುದುಕ.

"ಹೆಸರು ಬಾರದಿದ್ದರೆ, ಆಕೆ ನಿನಗೆ ಅಂದದ್ದನ್ನೇ ಗಿಡಕ್ಕೆ ಹೇಳು. ಹೋಗು."

ಕೆಂಚವ್ವ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ರಾತ್ರಿ ಮಡಿಚಿಟ್ಟ ಎಲೆಗಳನ್ನು ಕಿರುನೆಲ್ಲಿ ಆಗಷ್ಟೇ ಬಿಡಿಸುತ್ತಿತ್ತು. ಎಲೆಯಡಿಯಲ್ಲಿ ಸಾಸಿವೆಯಷ್ಟು ಕಾಯಿ.

"ನನ್ನನ್ನ ಕಳೆ ಅಂದಳು" ಎಂದಳು ಮೆಲ್ಲಗೆ. "ನಿನ್ನನ್ನೂ ಹಾಗೇ ಅಂತಾರಲ್ಲವೇನೇ?"

ಮಂಜು ಸುತ್ತಲೂ ಸರಿದಾಡಿತು. ಹೊಲ ಎಲ್ಲಿ ಮುಗಿಯಿತೋ, ಹೊಳೆ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಕೆಂಚವ್ವ ಗೊಳೋ ಎಂದು ಅತ್ತಳು. ಅತ್ತು ಹಗುರಾಗಿ ನೋಡುತ್ತಾಳೆ, ಹೆಸರು ತಾನಾಗಿ ನಾಲಿಗೆಗೆ ಬಂದಿತ್ತು.

"ತಿಪ್ಪಮ್ಮ. ನಮ್ಮತ್ತೆ. ಬದುಕಿಸು ತಾಯಿ."

ಕಿತ್ತು ತಂದು ಅರೆದು, ಮಜ್ಜಿಗೆಯಲ್ಲಿ ಕದಡಿ, ತಾನೇ ಕುಡಿಸಿದಳು. ಎಷ್ಟೋ ಬೆಳಗು ಹೀಗೇ ನಡೆಯಿತು. ಕಣ್ಣು ತಿಳಿಯಾದ ದಿನ, ಬಟ್ಟಲು ಹಿಡಿದ ಕೈ ಯಾರದ್ದೆಂದು ತಿಪ್ಪಮ್ಮ ಗುರುತಿಸಿದಳು.

ಆಮೇಲೆ ಅಜ್ಜನ ಕಡೆ ತಿರುಗಿದಳು. "ಇಂಥಾ ಮದ್ದು ಎಲ್ಲಿ ಸಿಕ್ಕಿತು ಸ್ವಾಮಿ?"

"ನಿಮ್ಮ ಹೊಲದಲ್ಲೇ ಇತ್ತು ತಾಯಿ. ಕಳೆ ಅಂತ ನೀವೇ ಕಿತ್ತು ಬಿಸಾಕಿದ್ದಿರಿ."